ಬ್ಯಾಟಿನ ಗ್ರಿಪ್ಪಿಗೂ ಲಾಯರ್ ನೋಟಿಸ್!

ಸಣ್ಣ ಉದ್ದಿಮೆದಾರರ ಪೇಟೆಂಟ್ ಸಂದೇಹಗಳಿಗೆ ಉತ್ತರಿಸುವ ಅಂಕಣ ಇದು. ಈ ಸಲ ಮಲೆನಾಡಿನಿಂದ ಬಂದ ಪತ್ರಗಳಲ್ಲಿ ಆಟದ ಸಾಮಾನಿನ ಹ್ಯಾಂಡಲ್, ಗ್ರಿಪ್ ಬಗ್ಗೆಯೇ ಹಲವು ಪ್ರಶ್ನೆಗಳಿದ್ದವು. ಹಾಗಾಗಿ ಅವನ್ನೆಲ್ಲ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದೊಂದು ಚಿಕ್ಕ ರಬ್ಬರ್ ಮೋಲ್ಡಿಂಗ್ ಘಟಕ ಇದೆ. ಕೆಲವು ವರ್ಷಗಳಿಂದ ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಮಾಡಿ ಸುತ್ತಲಿನ ಅಂಗಡಿಗಳಿಗೆ ಕೊಡುತ್ತಿದ್ದೇವೆ. ಈಗ ಹೊರರಾಜ್ಯದ ಕಂಪನಿಯೊಂದರ ವಕೀಲರು ನೋಟಿಸ್ ಕಳಿಸಿದ್ದಾರೆ. ಸುರುಳಿ ಏಣಿನ ಗ್ರಿಪ್ ತಮ್ಮ ಪೇಟೆಂಟ್, 15 ದಿನದಲ್ಲಿ ತಯಾರಿಕೆ ನಿಲ್ಲಿಸಿ 5 ಲಕ್ಷ ರೂಪಾಯಿ ಕೊಡಿ ಎಂದಿದೆ. ನೋಡಲು ಎರಡೂ ಗ್ರಿಪ್ ಒಂದೇ ಥರ ಇರುವುದು ಹೌದು. ಏನು ಮಾಡುವುದು?
– ಘಟಕದ ಮಾಲೀಕರು, ಶಿವಮೊಗ್ಗ

ಉತ್ತರ: ನೋಡಲು ಒಂದೇ ಥರ ಇದೆ ಎಂಬ ಮಾತನ್ನು ಸದ್ಯಕ್ಕೆ ಯಾರ ಮುಂದೆಯೂ ಆಡಬೇಡಿ, ಬರೆದಂತೂ ಕೊಡಲೇಬೇಡಿ. ಪೇಟೆಂಟ್ ತಕರಾರು ತೀರ್ಮಾನವಾಗುವುದು ಕಣ್ಣಿಗೆ ಕಾಣುವ ಹೋಲಿಕೆಯಿಂದಲ್ಲ. ಪೇಟೆಂಟ್ ದಾಖಲೆಯ ಕೊನೆಯಲ್ಲಿ ಸಂಖ್ಯೆ ಹಾಕಿ ಬರೆದಿರುವ ಕ್ಲೇಮ್‌ಗಳ ಮಾತಿನಿಂದ, ಮತ್ತು ತಾರೀಕಿನಿಂದ. ನೋಟಿಸ್ ಕಳಿಸಿದವರಿಗೆ ಫೋನ್ ಮಾಡಿ ‘ಇನ್ನು ಮಾಡಲ್ಲ, ಬಿಟ್ಟುಬಿಡಿ’ ಎಂದರೆ ನಾಳೆ ಅದೇ ಒಪ್ಪಿಗೆಯಾಗಿ ನಿಲ್ಲುತ್ತದೆ.

ಮೊದಲು ನೋಟಿಸಿನಲ್ಲಿ ಸಂಖ್ಯೆ ಇದೆಯೇ ನೋಡಿ. 12 ಅಂಕಿಗಳ ಸಂಖ್ಯೆಯಾದರೆ ಅದು ಅರ್ಜಿಯ ಸಂಖ್ಯೆ. ಅದರ ಮೊದಲ ನಾಲ್ಕು ಅಂಕಿ ಅರ್ಜಿ ಹಾಕಿದ ವರ್ಷ, ಐದನೆಯದು ಕಚೇರಿ: 1 ದೆಹಲಿ, 2 ಮುಂಬೈ, 3 ಕೋಲ್ಕತ್ತ, 4 ಚೆನ್ನೈ. ಮಂಜೂರಾದ ಪೇಟೆಂಟ್‌ಗೆ ಬೇರೆಯೇ ಸಂಖ್ಯೆ ಇರುತ್ತದೆ, ಈಗ ಅದು ಆರು ಅಂಕಿಯದು. ಬರೀ ಅರ್ಜಿ ಸಂಖ್ಯೆ ಕೊಟ್ಟು ಹೆದರಿಸುವ ನೋಟಿಸುಗಳು ಕಡಿಮೆಯೇನಿಲ್ಲ. ಅರ್ಜಿ ಪ್ರಕಟವಾದ ದಿನದಿಂದ ಹಕ್ಕು ಲೆಕ್ಕಕ್ಕೆ ಬರುತ್ತದಾದರೂ ಪೇಟೆಂಟ್ ಮಂಜೂರಾಗುವವರೆಗೆ ದಾವೆ ಹೂಡುವಂತಿಲ್ಲ. ಸಂಖ್ಯೆಯೇ ಇಲ್ಲದಿದ್ದರೆ ‘ಸಂಖ್ಯೆ ತಿಳಿಸಿ’ ಎಂಬ ಒಂದು ಸಾಲಿನ ಉತ್ತರ ಮೊದಲ ಹಂತಕ್ಕೆ ಸಾಕು.

ಸಂಖ್ಯೆ ಸಿಕ್ಕರೆ ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಹುಡುಕಿ, ದುಡ್ಡು ಕೊಡಬೇಕಿಲ್ಲ. ಅಲ್ಲಿ ಮೂರು ಸಂಗತಿ ನೋಡಬೇಕು. ಮಾಲೀಕರ ಹೆಸರೂ ನೋಟಿಸ್ ಕಳಿಸಿದವರ ಹೆಸರೂ ಒಂದೇ ಹೌದೋ. ಪೇಟೆಂಟ್ ಜೀವಂತ ಇದೆಯೋ: ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟುತ್ತಾ ಹೋಗಬೇಕು, ಕಟ್ಟದಿದ್ದರೆ ಅದು ಬಿದ್ದುಹೋಗುತ್ತದೆ, 18 ತಿಂಗಳೊಳಗೆ ಮಾತ್ರ ಎಬ್ಬಿಸಲು ಅರ್ಜಿ ಹಾಕಬಹುದು. ಮತ್ತು ಅರ್ಜಿ ಹಾಕಿದ ದಿನ: ಅಲ್ಲಿಂದ 20 ವರ್ಷ ಕಳೆದಿದ್ದರೆ ತಕರಾರೇ ಇಲ್ಲ.

ಇನ್ನು ಕ್ಲೇಮ್. ಇದು ಜಮೀನಿನ ಪತ್ರದಲ್ಲಿ ಬರೆದ ಚಕ್ಕುಬಂದಿಯ ಹಾಗೆ. ಪೇಟೆಂಟಿನ ಹೆಸರು ‘ಸುಧಾರಿತ ಬ್ಯಾಟ್ ಗ್ರಿಪ್’ ಎಂದು ಎಷ್ಟೇ ದೊಡ್ಡದಾಗಿರಲಿ, ಗಡಿ ಎಲ್ಲಿಯವರೆಗೆ ಎಂಬುದನ್ನು ಕ್ಲೇಮ್ ಮಾತ್ರ ಹೇಳುತ್ತದೆ. ಉದಾಹರಣೆಗೆ ಅವರ ಒಂದನೇ ಕ್ಲೇಮ್ ಹೀಗಿದೆ ಎಂದುಕೊಳ್ಳಿ: ‘ಬ್ಯಾಟಿನ ಹ್ಯಾಂಡಲಿಗೆ ಏರಿಸುವ ಕೊಳವೆಯಾಕಾರದ ಗ್ರಿಪ್, ಅದರ ಹೊರಮೈಯಲ್ಲಿ ಸುರುಳಿ ಏಣು, ಏಣುಗಳ ನಡುವೆ 1.5ರಿಂದ 2.5 ಮಿ.ಮೀ. ಆಳದ ತೋಡು, ತೋಡಿನ ತಳದಲ್ಲಿ ಒಳಮೈವರೆಗೆ ತೂರಿದ ರಂಧ್ರಗಳು, ಒಳಮೈಗೆ ಬೆವರು ಹೀರುವ ಬಟ್ಟೆಯ ಪದರ.’ ಇದರಲ್ಲಿ ಐದು ಅಂಶಗಳಿವೆ. ಒಂದು ಹಾಳೆಯಲ್ಲಿ ಎಡಕ್ಕೆ ಈ ಐದನ್ನೂ ಬರೆಯಿರಿ, ಬಲಕ್ಕೆ ನಿಮ್ಮ ಗ್ರಿಪ್ಪಿನಲ್ಲಿ ಏನಿದೆ ಎಂದು ಬರೆಯಿರಿ. ಕೊಳವೆ ಇದೆ, ಸುರುಳಿ ಏಣು ಇದೆ, ತೋಡಿನ ಆಳ 1 ಮಿ.ಮೀ., ರಂಧ್ರ ಇಲ್ಲ, ಬಟ್ಟೆ ಇಲ್ಲ. ಉಲ್ಲಂಘನೆ ಎನ್ನಬೇಕಾದರೆ ಐದೂ ಇರಬೇಕು. ಇಲ್ಲಿ ಎರಡೇ ಕೂಡಿದವು. ‘ಕ್ಲೇಮ್ 1ರಲ್ಲಿ ಹೇಳಿದಂಥ ಗ್ರಿಪ್, ಆದರೆ...’ ಎಂದು ಶುರುವಾಗುವ ಮುಂದಿನ ಕ್ಲೇಮ್‌ಗಳು ಮೊದಲನೆಯದಕ್ಕೆ ಕಟ್ಟಿಕೊಂಡಿರುವುದರಿಂದ, ಒಂದನೆಯದು ನಿಮಗೆ ತಗುಲದಿದ್ದರೆ ಅವೂ ತಗುಲುವುದಿಲ್ಲ. ಸ್ವತಂತ್ರವಾಗಿ ನಿಂತ ಕ್ಲೇಮ್ ಬೇರೆ ಇದ್ದರೆ ಅದಕ್ಕೂ ಹೀಗೇ ಪಟ್ಟಿ ಮಾಡಬೇಕು.

ಅಳತೆ ತೆಗೆಯುವಾಗ ಹೆಚ್ಚಿನವರು ಎಡವುತ್ತಾರೆ. ಮೋಲ್ಡಿನ ಡ್ರಾಯಿಂಗ್ ನೋಡಿ ಆಳ ಬರೆದುಕೊಡುತ್ತಾರೆ. ರಬ್ಬರ್ ಮೋಲ್ಡಿನಿಂದ ಹೊರಬಂದ ಮೇಲೆ ಕುಗ್ಗುತ್ತದೆ, ಹಳೆಯ ಮೋಲ್ಡ್ ಸವೆದಿರುತ್ತದೆ. ಅಳೆಯಬೇಕಾದದ್ದು ಮಾರಾಟವಾದ ಮಾಲನ್ನು. ಬೇರೆಬೇರೆ ಬ್ಯಾಚಿನ ಗ್ರಿಪ್ ತೆಗೆದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಹರಡಿ, ಮೇಲ್ತುದಿ, ನಡು, ಕೆಳತುದಿಯಲ್ಲಿ ವರ್ನಿಯರ್ ಹಿಡಿದು ಆಳ ನೋಡಿ. ಹ್ಯಾಂಡಲಿಗೆ ಏರಿಸಿದ ಗ್ರಿಪ್ ಹಿಗ್ಗಿ ತೋಡು ಆಳ ಕಳೆದುಕೊಳ್ಳುತ್ತದೆ, ಆದ್ದರಿಂದ ಏರಿಸುವ ಮೊದಲಿನ ಮತ್ತು ಏರಿಸಿದ ನಂತರದ ಎರಡೂ ಅಳತೆ ಬರೆದಿಡಿ. ಒಂದು ಎಚ್ಚರಿಕೆ: ನಿಮ್ಮದು 1.4, ಅವರದು 1.5 ಎಂಬಷ್ಟು ಕೂದಲೆಳೆಯ ಅಂತರ ನಂಬಿ ಕೂರಬೇಡಿ. ಕೆಲಸವೂ ಅದೇ, ಅದು ನಡೆಯುವ ಬಗೆಯೂ ಅದೇ, ಫಲವೂ ಅದೇ ಆಗಿದ್ದು ಬರೀ ಅಂಕಿ ತಪ್ಪಿಸಿದ್ದರೆ ಕೋರ್ಟು ಅದನ್ನು ಸಮಾನವೆಂದೇ ಹಿಡಿಯಬಹುದು. ರಂಧ್ರ, ಬಟ್ಟೆಯಂಥ ಅಂಶವೇ ಇಲ್ಲದಿರುವುದು ಗಟ್ಟಿ ನೆಲೆ.

ಐದೂ ಕೂಡಿಬಂದರೆ? ಆಗಲೂ ಮುಗಿಯಿತು ಎಂದಲ್ಲ. ತಾರೀಕು ನೋಡಿ. ಅವರ ಅರ್ಜಿಯ ಆದ್ಯತಾ ದಿನಕ್ಕಿಂತ (ಆ ಆವಿಷ್ಕಾರಕ್ಕೆ ಮೊಟ್ಟಮೊದಲು ಅರ್ಜಿ ಹಾಕಿದ ದಿನ) ಮೊದಲೇ ಅಂಥ ಗ್ರಿಪ್ ಭಾರತದಲ್ಲಿ ಬಹಿರಂಗವಾಗಿ ಬಳಕೆಯಲ್ಲಿದ್ದರೆ, ಅಥವಾ ಜಗತ್ತಿನಲ್ಲಿ ಎಲ್ಲಾದರೂ ಪ್ರಕಟವಾಗಿದ್ದರೆ, ಪೇಟೆಂಟ್ ಕಾಯ್ದೆ 1970ರ ಸೆಕ್ಷನ್ 64ರಡಿ ಆ ಪೇಟೆಂಟನ್ನೇ ರದ್ದು ಮಾಡಿಸಬಹುದು. ಇದಕ್ಕೆ ಬೇಕಾದದ್ದು ತಾರೀಕಿರುವ ಸಾಕ್ಷ್ಯ. ನಿಮ್ಮ ಹಳೇ ಬಿಲ್ಲಿನಲ್ಲಿ ‘ರಬ್ಬರ್ ಗ್ರಿಪ್ 200 ನಗ’ ಎಂದಷ್ಟೇ ಇದ್ದರೆ ಅದು ಸುರುಳಿ ಗ್ರಿಪ್ಪೋ ಚುಕ್ಕಿ ಗ್ರಿಪ್ಪೋ ಹೇಗೆ ಗೊತ್ತಾಗಬೇಕು? ಹಾಗಾಗಿ ಬಿಲ್ಲಿನ ಜೊತೆಗೆ ಆ ಮೋಲ್ಡ್ ಮಾಡಿಸಿದ ಬಿಲ್, ಡ್ರಾಯಿಂಗ್, ಅಂಗಡಿಯವರಿಗೆ ಕಳಿಸಿದ ಫೋಟೊ ಎಲ್ಲ ಸೇರಿಸಿ. ಹಳೇ ಕ್ಯಾಟಲಾಗುಗಳು ಬಂಗಾರ. ಶಾಲೆಯ ಕ್ರೀಡಾ ಕೊಠಡಿಯಲ್ಲಿ ಸ್ಟಾಕ್ ರಿಜಿಸ್ಟರ್ ನಮೂದಿನೊಂದಿಗೆ ಬಿದ್ದಿರುವ ಹಳೇ ಬ್ಯಾಟೂ ಸಾಕ್ಷಿಯೇ. ಮೊಬೈಲಿನ ಫೋಟೊ, ಸಂದೇಶ ಹಾಜರುಪಡಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರ ಪ್ರಮಾಣಪತ್ರ ಬೇಕು, ಆ ಫೋನ್ ಮಾರಬೇಡಿ.

ಪೇಟೆಂಟ್ ಕೊಟ್ಟಾಗಿದೆಯಲ್ಲ, ಇನ್ನೇನು ವಾದ ಎಂದು ಕೈಚೆಲ್ಲುವವರಿದ್ದಾರೆ. ಮಂಜೂರಾತಿ ಎಂದರೆ ಸಿಂಧುತ್ವದ ಖಾತರಿ ಅಲ್ಲ ಎಂದು ಕಾಯ್ದೆಯ ಸೆಕ್ಷನ್ 13ರಲ್ಲೇ ಇದೆ. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅಲ್ಲಿದ್ದದ್ದು ಪಾತ್ರೆಗಳನ್ನು ಲೇತಿನಲ್ಲಿ ಹಿಡಿದು ತಿರುಗಿಸುವ ಸಾಧನ. ಗೊತ್ತಿದ್ದ ಯಂತ್ರಕ್ಕೆ ವರ್ಕ್‌ಶಾಪಿನ ಕುಶಲ ಕೆಲಸಗಾರ ಯಾರಾದರೂ ಮಾಡಬಹುದಾದ ಸುಧಾರಣೆಯಷ್ಟೇ ಅದು, ಆವಿಷ್ಕಾರವಲ್ಲ ಎಂದು ಪೇಟೆಂಟ್ ನಿಲ್ಲಲಿಲ್ಲ. ಗ್ರಿಪ್ ಪೇಟೆಂಟುಗಳಲ್ಲಿ ಬಹಳಷ್ಟು ಇದೇ ಪರೀಕ್ಷೆಯಲ್ಲಿ ಸೋಲುವಂಥವು ಎಂಬುದು ನಮ್ಮ ಅಭಿಪ್ರಾಯ. ಸೈಕಲ್ಲಿನ ಹಿಡಿಯಲ್ಲಿದ್ದ ಏಣನ್ನು ಬ್ಯಾಟಿಗೆ ತಂದದ್ದರಲ್ಲಿ ಆವಿಷ್ಕಾರ ಎಷ್ಟು ಎಂದು ಕೇಳಲೇಬೇಕು.

ಮಂಜೂರಾತಿ ಪ್ರಕಟವಾಗಿ ಒಂದು ವರ್ಷ ಕಳೆದಿಲ್ಲವಾದರೆ ನಿಮ್ಮಂಥ ಹಿತಾಸಕ್ತಿ ಇರುವವರು ಪೇಟೆಂಟ್ ಕಚೇರಿಯಲ್ಲೇ ವಿರೋಧ ಸಲ್ಲಿಸಬಹುದು. ಕೋರ್ಟಿಗಿಂತ ಇದು ಅಗ್ಗ. ವರ್ಷ ದಾಟಿದ್ದರೆ ಹೈಕೋರ್ಟಿನಲ್ಲಿ ರದ್ದತಿ ಅರ್ಜಿ.

ಈಗ ಉತ್ತರ. 15 ದಿನ ಎಂಬುದು ಅವರು ಹಾಕಿದ ಗಡುವು, ಕಾನೂನಿನದಲ್ಲ. ಆದರೂ ಅಷ್ಟರೊಳಗೆ ವಕೀಲರ ಮೂಲಕ ಚಿಕ್ಕ ಉತ್ತರ ಹೋಗಲಿ. ಯಾವ ಕ್ಲೇಮಿನ ಯಾವ ಅಂಶ ನಮ್ಮ ಮಾಲಿನಲ್ಲಿದೆ ಎಂದು ಅಂಶವಾರು ತೋರಿಸಿ ಎಂದು ಕೇಳಿ. ನಿಮ್ಮ ಪೂರ್ವಸಾಕ್ಷ್ಯವನ್ನೆಲ್ಲ ಮೊದಲ ಉತ್ತರದಲ್ಲೇ ಹರಡಬೇಡಿ. ಬುಡವಿಲ್ಲದ ಬೆದರಿಕೆಯಾದರೆ ಸೆಕ್ಷನ್ 106ರಡಿ ನೀವೇ ದಾವೆ ಹೂಡಿ ತಡೆಯಾಜ್ಞೆ, ನಷ್ಟಪರಿಹಾರ ಕೇಳಬಹುದು. ‘ನಮಗೊಂದು ಪೇಟೆಂಟ್ ಇದೆ’ ಎಂದು ತಿಳಿಸಿದ ಮಾತ್ರಕ್ಕೆ ಅದು ಬೆದರಿಕೆ ಆಗುವುದಿಲ್ಲ ಎಂಬುದು ನೆನಪಿರಲಿ. ಸೆಕ್ಷನ್ 111 ಇನ್ನೊಂದು ಆಸರೆ: ಪೇಟೆಂಟ್ ಇರುವುದು ಗೊತ್ತಿರಲಿಲ್ಲ, ಗೊತ್ತಾಗುವ ಕಾರಣವೂ ಇರಲಿಲ್ಲ ಎಂದು ತೋರಿಸಿದರೆ ಆ ಅವಧಿಗೆ ನಷ್ಟಪರಿಹಾರ ಇಲ್ಲ. ಪ್ಯಾಕೆಟ್ಟಿನ ಮೇಲೆ ಸಂಖ್ಯೆಯಿಲ್ಲದೆ ‘ಪೇಟೆಂಟ್’ ಎಂದಷ್ಟೇ ಅಚ್ಚಾಗಿದ್ದರೆ ನಿಮಗೆ ಗೊತ್ತಿತ್ತೆಂದು ಹಿಡಿಯುವಂತಿಲ್ಲ. ಆದರೆ ನೋಟಿಸ್ ಕೈಸೇರಿದ ದಿನದಿಂದ ಈ ಆಸರೆ ಮುಗಿಯಿತು. ಆ ದಿನದ ಸ್ಟಾಕ್ ಎಣಿಸಿ, ಬರೆದು, ಸಹಿ ಹಾಕಿ ಇಡಿ.

ನಿಜವಾದ ಅಪಾಯ ಆ 5 ಲಕ್ಷವಲ್ಲ, ಮಧ್ಯಂತರ ತಡೆಯಾಜ್ಞೆ. ಸೀಸನ್ ಶುರುವಿಗೆ ಸರಿಯಾಗಿ ಬಂದರೆ ಘಟಕ ನಿಂತುಹೋಗುತ್ತದೆ. ಅದಕ್ಕೇ ಕೇವಿಯಟ್ ಹಾಕಿಸಿ, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ. ಅದು 90 ದಿನ ನಡೆಯುತ್ತದೆ, ಮತ್ತೆ ಹಾಕಬಹುದು. ಪೇಟೆಂಟ್ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯುವುದಿಲ್ಲ. ನೀವು ರದ್ದತಿಯ ಪ್ರತಿದಾವೆ ಹಾಕಿದರೆ ಇಡೀ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ, ಶಿವಮೊಗ್ಗದವರಿಗೆ ಬೆಂಗಳೂರು. ಪೇಟೆಂಟ್ ದಾವೆಯಲ್ಲಿ ಪ್ರತಿವಾದಿ ಇರುವ ಊರು ಅಥವಾ ಉಲ್ಲಂಘನೆ ನಡೆದ ಊರು ಲೆಕ್ಕ. ಸುತ್ತಲಿನ ಅಂಗಡಿಗಷ್ಟೇ ಕೊಟ್ಟಿದ್ದರೆ ಅವರೇ ಇಲ್ಲಿಗೆ ಬರಬೇಕು. ಆನ್‌ಲೈನ್‌ನಲ್ಲಿ ದೆಹಲಿಗೆ ಒಂದು ಡಜನ್ ಕಳಿಸಿದ್ದರೆ ನೀವು ದೆಹಲಿಗೆ ಅಲೆಯಬೇಕಾಗಬಹುದು. ತುರ್ತು ಪರಿಹಾರ ಕೇಳದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಲೈಸೆನ್ಸ್ ಪಡೆದು ಗ್ರಿಪ್ಪಿಗಿಷ್ಟು ಎಂದು ರಾಯಲ್ಟಿ ಕೊಡುವ ಮಾತಿದ್ದರೆ ಅಲ್ಲೇ ಆಡಿ, ಕ್ಲೇಮ್ ಪಟ್ಟಿ ಕೈಯಲ್ಲಿಟ್ಟುಕೊಂಡು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಡೆ ಶಟಲ್ ರಾಕೆಟ್ಟಿನ ಟವೆಲ್ ಗ್ರಿಪ್ ಒಣಗುವುದೇ ಇಲ್ಲ, ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಹ್ಯಾಂಡಲಿನ ಎಂಟು ಮುಖದಲ್ಲಿ ಸಣ್ಣ ತೂತು ಕೊರೆದು, ಒಳಗಿನ ಟೊಳ್ಳಿನ ಮೂಲಕ ತೇವ ಕೆಳಗೆ ಹೋಗುವಂತೆ ಮಾಡಿದ್ದೇನೆ. ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕು ತಿಂಗಳ ಹಿಂದೆ ಯೂಟ್ಯೂಬಿನಲ್ಲಿ ವಿಡಿಯೊ ಹಾಕಿದ್ದೆ. ಈಗ ಒಬ್ಬರು ಅದನ್ನೇ ಮಾಡಿ ಮಾರುತ್ತಿದ್ದಾರೆ. ಪೇಟೆಂಟ್ ತೆಗೆದುಕೊಂಡು ತಡೆಯಬಹುದೇ?
– ಬ್ಯಾಡ್ಮಿಂಟನ್ ಆಟಗಾರ, ಹೊಸನಗರ

ಉತ್ತರ: ವಿಡಿಯೊದಲ್ಲಿ ತೋರಿಸಿದ ಅಷ್ಟನ್ನು ಇನ್ನು ತಡೆಯಲಾಗದು. ಅರ್ಜಿಗೆ ಮೊದಲು ನೀವೇ ಬಹಿರಂಗಪಡಿಸಿದ್ದು ನಿಮ್ಮ ಅರ್ಜಿಯ ಮೇಲೇ ತಿರುಗಿ ಬೀಳುತ್ತದೆ. ಒಂದು ವರ್ಷ ವಿನಾಯಿತಿ ಇದೆಯಂತೆ ಎಂದು ಹಲವರು ಹೇಳುವುದು ಅರ್ಧ ಸತ್ಯ. ಸೆಕ್ಷನ್ 31ರ 12 ತಿಂಗಳು ಸಿಗುವುದು ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚಿಸಿದ ಪ್ರದರ್ಶನಕ್ಕೆ ಅಥವಾ ವಿದ್ವತ್ ಸಂಸ್ಥೆಯಲ್ಲಿ ಮಂಡಿಸಿದ ಪ್ರಬಂಧಕ್ಕೆ. ಯೂಟ್ಯೂಬ್, ಜಾತ್ರೆಯ ಮಳಿಗೆ, ಕಾಲೇಜು ಪ್ರಾಜೆಕ್ಟ್ ಮೇಳ ಇವು ಯಾವುವೂ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ವಿಡಿಯೊ ಹಾಕಿದ್ದು ನಿಮ್ಮ ಒಪ್ಪಿಗೆಯಿಲ್ಲದೆ ಬೇರೆಯವರು ಎಂದಾದರೆ ಕಥೆ ಬೇರೆ. ಆಗ ಗೊತ್ತಾದ ಕೂಡಲೇ ಅರ್ಜಿ ಹಾಕಿದರೆ ಸೆಕ್ಷನ್ 29 ಕಾಪಾಡುತ್ತದೆ.

ಹಾಗೆಂದು ಕೆಲಸ ಕೈಬಿಡಬೇಡಿ. ತೂತಿನ ಹ್ಯಾಂಡಲಿನಲ್ಲಿ ಇನ್ನೂ ಪರಿಹಾರವಾಗದ ತೊಂದರೆಗಳಿವೆ. ಒಳಗೆ ಇಳಿದ ತೇವ ಎಲ್ಲಿಗೆ ಹೋಗುತ್ತದೆ? ಕೆಳಗಿನ ಕ್ಯಾಪ್ ಮುಚ್ಚಿದ್ದರೆ ಟೊಳ್ಳಿನಲ್ಲೇ ನಿಂತು ಮರ ಉಬ್ಬುತ್ತದೆ, ಶಾಫ್ಟ್ ಅಂಟಿಸಿದ ಜಾಗ ಸಡಿಲವಾಗಿ ರಾಕೆಟ್ ತಿರುಗತೊಡಗುತ್ತದೆ. ತೂತನ್ನು ಅಂಚಿನ ಮೇಲೆ ಕೊರೆದರೆ ಹ್ಯಾಂಡಲ್ ಅಲ್ಲೇ ಸೀಳುತ್ತದೆ, ಮುಖದ ನಡುವೆ ಕೊರೆದರೆ ಗ್ರಿಪ್ಪಿನ ಸುತ್ತು ಅದನ್ನು ಮುಚ್ಚುತ್ತದೆ. ಇವಕ್ಕೆ ನೀವು ಕಂಡುಕೊಂಡ ಉಪಾಯ ವಿಡಿಯೊದಲ್ಲಿ ಇಲ್ಲದಿದ್ದರೆ, ವಿಡಿಯೊ ನೋಡಿದವನಿಗೆ ಸುಲಭವಾಗಿ ಹೊಳೆಯುವಂಥದ್ದೂ ಅಲ್ಲದಿದ್ದರೆ, ಅದಕ್ಕೆ ಅರ್ಜಿ ಹಾಕಬಹುದು. ಇನ್ನೊಂದು ವಿಡಿಯೊ ಮಾತ್ರ ಬೇಡ.

ಅರ್ಜಿಗೆ ಮುಂಚೆ ಹುಡುಕಾಟ ಮಾಡಿ. ಪೇಟೆಂಟುಗಳನ್ನು ವಿಷಯವಾರು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಹಿಡಿಕೆಗಳದ್ದು ಎ63ಬಿ 60/06 ವರ್ಗ. ಕೈಯ ಆಕಾರಕ್ಕೆ ತಕ್ಕಂತೆ ರೂಪಿಸಿದ ಹಿಡಿಕೆ 60/12ರಲ್ಲಿ, ಮೇಲಿನ ಸುತ್ತು ಮತ್ತು ತೋಳಿನಂಥ ಗ್ರಿಪ್‌ಗಳು 60/14ರಲ್ಲಿ, ಕಂಪನ ತಗ್ಗಿಸುವ ಸಾಧನಗಳು 60/54ರಲ್ಲಿ, ರಾಕೆಟ್ಟಿನ ವಿಶೇಷ ಹಿಡಿಕೆ ರಚನೆ ಎ63ಬಿ 49/08ರಲ್ಲಿ ಸಿಗುತ್ತವೆ. ಪದ ಹಾಕಿ ಹುಡುಕಿದರೆ ತಪ್ಪಿಹೋಗುವವು ವರ್ಗ ಹಾಕಿದರೆ ಸಿಗುತ್ತವೆ, ಏಕೆಂದರೆ ಒಬ್ಬ ‘ಗ್ರಿಪ್’ ಎಂದರೆ ಇನ್ನೊಬ್ಬ ‘ಕೈಹಿಡಿಯ ಹೊದಿಕೆ’ ಎಂದು ಬರೆದಿರುತ್ತಾನೆ. ಭಾರತದ ತಾಣದ ಜೊತೆ ಹೊರದೇಶಗಳ ಪೇಟೆಂಟ್ ಹುಡುಕುವ ತಾಣಗಳಾದ ಪೇಟೆಂಟ್‌ಸ್ಕೋಪ್, ಎಸ್ಪಾಸ್‌ನೆಟ್ ಕೂಡ ನೋಡಿ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರ ಇದೆ, ಮೊದಲ ಸಲದವರು ಅಲ್ಲಿ ವಿಚಾರಿಸಬಹುದು.

ಕರ್ನಾಟಕದ ಅರ್ಜಿ ಚೆನ್ನೈ ಕಚೇರಿಗೆ, ಆನ್‌ಲೈನಿನಲ್ಲೇ. ವ್ಯಕ್ತಿಗಳಿಗೆ ಅರ್ಜಿ ಶುಲ್ಕ 1,600 ರೂ., ಅದರಲ್ಲಿ 30 ಪುಟ, 10 ಕ್ಲೇಮ್‌ವರೆಗೆ. ಪರೀಕ್ಷೆಗೆ ಕೋರಿಕೆ 4,000 ರೂ., ಅದನ್ನು 31 ತಿಂಗಳೊಳಗೆ ಹಾಕಬೇಕು. ಹಾಕದಿದ್ದರೆ ಅರ್ಜಿ ಹಿಂಪಡೆದಂತೆ. ಇನ್ನೂ ಪ್ರಯೋಗ ನಡೆದಿದ್ದರೆ ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದುಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಿ. ತಾತ್ಕಾಲಿಕದಲ್ಲಿ ಎರಡು ಸಾಲು ಗೀಚಿ ಬಿಟ್ಟರೆ ಆ ದಿನಾಂಕ ಆ ಎರಡು ಸಾಲಿಗಷ್ಟೇ. ತೂತಿನ ವ್ಯಾಸ, ಸಾಲುಗಳ ಅಂತರ, ಕೋನ, ಕ್ಯಾಪಿನ ರಚನೆ ಎಲ್ಲವೂ ಚಿತ್ರಸಹಿತ ಮೊದಲೇ ಇರಲಿ. ಕಚೇರಿಯಿಂದ ಮೊದಲ ಪರೀಕ್ಷಾ ವರದಿ ಬಂದರೆ ಉತ್ತರಕ್ಕೆ ಆರು ತಿಂಗಳು. ಮಿಂಚಂಚೆ ನೋಡದೆ ಈ ಗಡುವು ಕಳೆದುಕೊಂಡವರ ಅರ್ಜಿ ಅಲ್ಲಿಗೇ ಮುಗಿಯುತ್ತದೆ.

ಕ್ಲೇಮ್ ಬರೆಯುವಾಗ ‘ಬೂಷ್ಟು ಹಿಡಿಯದ ಗ್ರಿಪ್’ ಎಂದು ಫಲವನ್ನು ಬರೆಯಬೇಡಿ. ಯಾವ ರಚನೆಯಿಂದ ಬೂಷ್ಟು ಹಿಡಿಯುವುದಿಲ್ಲವೋ ಆ ರಚನೆಯನ್ನು ಬರೆಯಿರಿ. ರಾಕೆಟ್ಟಿನ ಒಟ್ಟು ಉದ್ದ 680 ಮಿ.ಮೀ., ಅಗಲ 230 ಮಿ.ಮೀ. ದಾಟಬಾರದೆಂಬ ಆಟದ ನಿಯಮವೂ ಗಮನದಲ್ಲಿರಲಿ, ಕ್ಯಾಪ್ ಉದ್ದ ಮಾಡುವ ಭರದಲ್ಲಿ ಅದು ಮೀರಬಹುದು.

ಪ್ರಶ್ನೆ: ನಾನು ಆರ್ಡರ್ ಬಂದಂತೆ ಮೋಲ್ಡ್ ಮಾಡಿಕೊಡುವವನು. ಗಿರಾಕಿಯೊಬ್ಬರು ಸ್ಯಾಂಪಲ್ ಗ್ರಿಪ್ ತಂದು ‘ಇದರದ್ದೇ ಮೋಲ್ಡ್ ಬೇಕು’ ಎಂದಿದ್ದಾರೆ. ನಾಳೆ ಗಲಾಟೆಯಾದರೆ ನನ್ನ ಮೇಲೂ ಬರುತ್ತದೆಯೇ?
– ವರ್ಕ್‌ಶಾಪ್ ನಡೆಸುವವರು, ಭದ್ರಾವತಿ

ಉತ್ತರ: ಪೇಟೆಂಟ್ ಒಂದೇ ಆದರೆ ಅಪಾಯ ಕಡಿಮೆ. ಪೇಟೆಂಟ್ ಇರುವುದು ಗ್ರಿಪ್ಪಿಗೆ, ನೀವು ಮಾಡುವುದು ಮೋಲ್ಡ್. ನೆರವಾದವನನ್ನೂ ಹೊಣೆ ಮಾಡುವ ಸ್ಪಷ್ಟ ಸೆಕ್ಷನ್ ನಮ್ಮ ಪೇಟೆಂಟ್ ಕಾಯ್ದೆಯಲ್ಲಿಲ್ಲ. ಗೊತ್ತಿದ್ದೂ ಕೈಜೋಡಿಸಿದರೆ ಜಂಟಿ ಹೊಣೆ ಹೊರಿಸುವ ಪ್ರಯತ್ನ ಆಗಬಹುದು, ಅಷ್ಟೆ.

ಡಿಸೈನ್ ನೋಂದಣಿಯ, ಅಂದರೆ ವಸ್ತುವಿನ ಹೊರನೋಟಕ್ಕೆ ಸಿಗುವ ರಕ್ಷಣೆಯ ವಿಷಯ ಹಾಗಲ್ಲ. ಡಿಸೈನ್ಸ್ ಕಾಯ್ದೆ 2000ರ ಸೆಕ್ಷನ್ 22ರಲ್ಲಿ, ನೋಂದಾಯಿತ ವಿನ್ಯಾಸವನ್ನು ವಸ್ತುವಿಗೆ ಹಾಕುವುದಷ್ಟೇ ಅಲ್ಲ, ಹಾಗೆ ಹಾಕಲು ಅನುವಾಗುವಂತೆ ಏನನ್ನಾದರೂ ಮಾಡುವುದೂ ಉಲ್ಲಂಘನೆ. ಮೋಲ್ಡ್ ನೇರವಾಗಿ ಇದರಲ್ಲಿ ಬರುತ್ತದೆ. ದಂಡ ಪ್ರತಿ ಉಲ್ಲಂಘನೆಗೆ 25,000 ರೂ.ವರೆಗೆ, ಒಂದು ವಿನ್ಯಾಸಕ್ಕೆ ಒಟ್ಟು 50,000 ರೂ. ಮಿತಿ. ಅದರ ಬದಲು ನಷ್ಟಪರಿಹಾರದ ದಾವೆಯನ್ನೂ ಆರಿಸಿಕೊಳ್ಳಬಹುದು.

ಗ್ರಿಪ್ಪಿನ ಮೇಲಿನ ಷಡ್ಭುಜ, ಮೀನಿನ ಹುರುಪೆಯಂಥ ಮಾದರಿಗಳು, ಎರಡು ಬಣ್ಣದ ಪಟ್ಟೆಗಳು ಸಾಮಾನ್ಯವಾಗಿ ಡಿಸೈನ್ ನೋಂದಣಿಗೆ ಹೋಗುತ್ತವೆ. ಅಲ್ಲಿ ತೀರ್ಪುಗಾರ ಕಣ್ಣು. ಯಾಂತ್ರಿಕ ಕೆಲಸಕ್ಕಷ್ಟೇ ಇರುವ ಆಕಾರಕ್ಕೆ ಅಲ್ಲಿ ರಕ್ಷಣೆಯಿಲ್ಲ. ಅವಧಿ 10 ವರ್ಷ, ನವೀಕರಿಸಿದರೆ ಇನ್ನು 5. ಆದ್ದರಿಂದ ಮೋಲ್ಡಿಗೆ ಕೈಹಾಕುವ ಮೊದಲು ಸ್ಯಾಂಪಲ್ಲಿನ ಫೋಟೊ ತೆಗೆದು ಡಿಸೈನ್ ತಾಣದಲ್ಲಿ 21-02 ವರ್ಗ, ಅಂದರೆ ಕ್ರೀಡಾ ಸಾಮಗ್ರಿ, ಹುಡುಕಿ. ಆರ್ಡರ್ ಚೀಟಿಯಲ್ಲಿ ‘ಡ್ರಾಯಿಂಗ್ ಮತ್ತು ಸ್ಯಾಂಪಲ್ ಗಿರಾಕಿಯದು, ಪೇಟೆಂಟ್, ಡಿಸೈನ್ ತಕರಾರು ಬಂದರೆ ಖರ್ಚು, ನಷ್ಟ ಎಲ್ಲ ಗಿರಾಕಿಯ ಹೊಣೆ’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಹಿಂದೇಟು ಹಾಕಿದರೆ ಆ ಕೆಲಸ ಬೇಡ. ಸ್ವಂತ ಮಾದರಿ ಕೊರೆಯುವಷ್ಟು ಕೈಚಳಕ ನಿಮ್ಮಲ್ಲಿದ್ದರೆ ಅದನ್ನೇ ಮಾರುವ ಮೊದಲು 1,000 ರೂ. ಕಟ್ಟಿ ನೋಂದಾಯಿಸಿ. ಮಾರಿದ ಮೇಲೆ ಹಾಕಿದ ನೋಂದಣಿ ರದ್ದಾಗುತ್ತದೆ.

ಪ್ರಶ್ನೆ: ಬ್ಯಾಟ್ ಹಿಡಿಯುವ ಹೊಸ ಪದ್ಧತಿಯೊಂದನ್ನು ರೂಪಿಸಿ ಮಕ್ಕಳಿಗೆ ಕಲಿಸುತ್ತಿದ್ದೇನೆ. ಇದಕ್ಕೆ ಪೇಟೆಂಟ್ ಸಿಗುತ್ತದೆಯೇ?
– ಕ್ರಿಕೆಟ್ ತರಬೇತುದಾರರು, ಸಾಗರ

ಉತ್ತರ: ಇಲ್ಲ. ಆಟ ಆಡುವ ವಿಧಾನ ಆವಿಷ್ಕಾರವಲ್ಲ ಎಂದು ಸೆಕ್ಷನ್ 3ರ ‘ಎಂ’ ಖಂಡ ಹೇಳುತ್ತದೆ. ಆ ಹಿಡಿತ ಕಲಿಸಲು ಬೆರಳಿನ ಗುರುತು ಇರುವ ಹ್ಯಾಂಡಲ್ ಮಾಡಿದ್ದರೆ ಅದು ವಸ್ತು, ಅರ್ಜಿ ಹಾಕಬಹುದು. ಆದರೆ ಬೆರಳಚ್ಚಿನ ಹಿಡಿಕೆಗಳು ಹಿಂದಿನಿಂದಲೂ ಎಷ್ಟೋ ಬಂದಿವೆ. ಹುಡುಕಾಟ ಮಾಡದೆ ದುಡ್ಡು ಹಾಕಬೇಡಿ.

ಪ್ರಶ್ನೆ: ಅಮೆರಿಕದಲ್ಲಿ ಕೊಡಲಿ ಕಾವಿನಂಥ ಹಿಡಿಕೆಯ ಬೇಸ್‌ಬಾಲ್ ಬ್ಯಾಟಿಗೆ ಪೇಟೆಂಟ್ ಇದೆಯೆಂದು ಓದಿದೆ. ನಮ್ಮ ಮನೆಯ ಕೊಡಲಿಯ ಕಾವು ಅಜ್ಜನ ಕಾಲದಿಂದ ಹಾಗೇ ಇದೆ! ಇದಕ್ಕೆ ಹೇಗೆ ಪೇಟೆಂಟ್ ಕೊಟ್ಟರು? ನಾನು ಅಂಥದೇ ಹಿಡಿಕೆಯ ಕ್ರಿಕೆಟ್ ಬ್ಯಾಟ್ ಮಾಡಬಹುದೇ?
– ಮರಗೆಲಸದವರು, ತೀರ್ಥಹಳ್ಳಿ

ಉತ್ತರ: ಅದು ಬ್ರೂಸ್ ಲೈನರ್ಟ್ ಎಂಬ ನಿಮ್ಮಂಥದೇ ಒಬ್ಬ ಮರಗೆಲಸಗಾರರ ಕಲ್ಪನೆ. ಬೇಡನ್ ಸ್ಪೋರ್ಟ್ಸ್ ಕಂಪನಿ ಅದನ್ನು ‘ಆಕ್ಸ್ ಬ್ಯಾಟ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮೂಕಿ ಬೆಟ್ಸ್‌ನಂಥ ಆಟಗಾರ ಬಳಸಿದ ಮೇಲೆ ಅದು ಹೆಸರುವಾಸಿಯಾಯಿತು. ಕಾವಿನ ಆಕಾರಕ್ಕೇ ಪೇಟೆಂಟ್ ಎಂದು ತಿಳಿಯಬೇಡಿ. ಬೇಸ್‌ಬಾಲ್ ಬ್ಯಾಟ್ ಉದ್ದಕ್ಕೂ ದುಂಡು, ಹಿಡಿಕೆಯ ತುದಿಯಲ್ಲಿ ದುಂಡನೆಯ ಗುಬಟು. ಆ ಗುಬಟು ಅಂಗೈಯ ಕಿರುಬೆರಳ ಕಡೆಯ ದಿಂಬಿಗೆ ಒತ್ತುತ್ತದೆ, ಅಲ್ಲಿ ಇರುವ ಸಣ್ಣ ಎಲುಬು ಮುರಿಯುವುದೂ ಉಂಟು. ಅಂಡಾಕಾರದ, ತುದಿಯಲ್ಲಿ ಓರೆಯಾದ ಕಾವು ಹಾಕಿದರೆ ಆ ಒತ್ತು ತಪ್ಪುತ್ತದೆ, ಜೊತೆಗೆ ದುಂಡು ಬ್ಯಾಟಿಗೆ ಹೊಡೆಯುವ ಮುಖ ಒಂದೇ ಎಂದು ನಿಗದಿಯಾಗುತ್ತದೆ. ಹಳೆಯ ಆಕಾರವನ್ನು ಹೊಸ ಜಾಗಕ್ಕೆ ತಂದು, ಅಲ್ಲಿ ಮೊದಲಿಲ್ಲದ ಫಲ ತೋರಿಸಿದ್ದು ಅವರ ವಾದದ ಬಲ.

ಕ್ರಿಕೆಟ್ಟಿಗೆ ಬಂದರೆ ಆ ಬಲ ಉಳಿಯುವುದಿಲ್ಲ. ಕ್ರಿಕೆಟ್ ಬ್ಯಾಟಿಗೆ ಮುಖ ಮೊದಲೇ ಇದೆ, ಅಂಡಾಕಾರದ ಹ್ಯಾಂಡಲ್ ಹಳೆಯ ಸಂಗತಿ, ತುದಿಯಲ್ಲಿ ಗುಬಟೂ ಇಲ್ಲ. ಇನ್ನು ಅಮೆರಿಕದ ಪೇಟೆಂಟ್ ಅಮೆರಿಕಕ್ಕೆ ಮಾತ್ರ. ಅದೇ ಆವಿಷ್ಕಾರಕ್ಕೆ ಭಾರತದಲ್ಲಿ ಪೇಟೆಂಟ್ ಪಡೆದಿಲ್ಲವಾದರೆ ಇಲ್ಲಿ ಮಾಡಿ ಇಲ್ಲಿ ಮಾರಲು ಅಡ್ಡಿಯಿಲ್ಲ, ಅಮೆರಿಕಕ್ಕೆ ಕಳಿಸುವಂತಿಲ್ಲ. ಆದರೆ ಅಲ್ಲಿ ಪ್ರಕಟವಾದದ್ದನ್ನು ನೀವು ಇಲ್ಲಿ ನಿಮ್ಮದೆಂದು ಪೇಟೆಂಟ್ ಮಾಡಿಸುವಂತೆಯೂ ಇಲ್ಲ.

ನಿಮಗೆ ಅಡ್ಡ ಬರುವುದು ಪೇಟೆಂಟ್ ಅಲ್ಲ, ಆಟದ ಕಾನೂನು. ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂಸಿಸಿಯ 5ನೇ ನಿಯಮದ ಪ್ರಕಾರ ಹ್ಯಾಂಡಲಿನ ಮೇಲಿನ ಭಾಗ ನೆಟ್ಟಗಿರಬೇಕು, ಮುಖ್ಯವಾಗಿ ಬೆತ್ತ ಅಥವಾ ಮರದ್ದಾಗಿರಬೇಕು. ಕೊಡಲಿ ಕಾವಿನ ಬಾಗು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ದೊಡ್ಡವರ ಬ್ಯಾಟಿನಲ್ಲಿ ಹ್ಯಾಂಡಲ್ ಒಟ್ಟು ಉದ್ದದ ಶೇ 52 ಮೀರುವಂತಿಲ್ಲ, ಬ್ಯಾಟಿನ ಒಟ್ಟು ಉದ್ದ 96.52 ಸೆಂ.ಮೀ. ಮೀರುವಂತಿಲ್ಲ. ಬೆತ್ತ, ಮರ, ಹುರಿ ಬಿಟ್ಟು ಬೇರೆ ವಸ್ತು, ಎಂಸಿಸಿ ವಿಂಗಡಿಸಿರುವ ಎ ಮತ್ತು ಬಿ ದರ್ಜೆಯ ಬ್ಯಾಟಿನ ಹ್ಯಾಂಡಲಿನಲ್ಲಿ ಗಾತ್ರದ ಹತ್ತನೇ ಒಂದು ಪಾಲಿಗಿಂತ ಹೆಚ್ಚಿರಬಾರದು. 1979ರಲ್ಲಿ ಡೆನ್ನಿಸ್ ಲಿಲ್ಲಿ ಪರ್ತ್‌ನಲ್ಲಿ ಅಲ್ಯೂಮಿನಿಯಂ ಬ್ಯಾಟ್ ಹಿಡಿದು ಬಂದ ಮೇಲೆ ನಿಯಮ ಬಿಗಿಯಾಯಿತು. ಪೇಟೆಂಟ್ ಕಚೇರಿ ಆಟದ ನಿಯಮ ನೋಡುವುದಿಲ್ಲ, ಅಂಪೈರ್ ಪೇಟೆಂಟ್ ನೋಡುವುದಿಲ್ಲ. ಟೆನಿಸ್ ಬಾಲ್ ಪಂದ್ಯಗಳಿಗೆ ಮಾರುವುದಾದರೆ ಸಂಘಟಕರ ನಿಯಮ ಕೇಳಿಕೊಳ್ಳಿ. ಮತ್ತು ಬೆತ್ತಕ್ಕಾಗಿ ಕಾಡಿಗೆ ನುಗ್ಗಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಪ್ರಶ್ನೆ: ನಮ್ಮದು ಹಳೇ ಬ್ಯಾಟ್, ರಾಕೆಟ್ಟುಗಳಿಗೆ ಗ್ರಿಪ್ ಬದಲಿಸಿಕೊಡುವ ಅಂಗಡಿ. ಪೇಟೆಂಟ್ ಇರುವ ಗ್ರಿಪ್ ಹಾಕಿದರೆ ತಪ್ಪೇ? ಚೀಲದ ಮೇಲೆ ‘ಪೇಟೆಂಟೆಡ್ ಗ್ರಿಪ್’ ಎಂದು ಅಚ್ಚು ಹಾಕಿಸಬಹುದೇ?
– ಅಂಗಡಿಯವರು, ಶಿರಸಿ

ಉತ್ತರ: ಪೇಟೆಂಟ್ ಮಾಲೀಕರ ಅಥವಾ ಅವರ ಡೀಲರರ ಕಡೆಯಿಂದ ಬಿಲ್ ಹಾಕಿಸಿ ತಂದ ಗ್ರಿಪ್ ಸುತ್ತಿಕೊಟ್ಟರೆ ತೊಂದರೆಯಿಲ್ಲ. ಬಿಲ್ಲಿಲ್ಲದೆ ಬಂದ ನಕಲಿ ಮಾಲು ಮಾರಿದರೆ ತಯಾರಿಸಿದವರಷ್ಟೇ ಅಲ್ಲ, ಮಾರಿದ ನೀವೂ ಸಿಕ್ಕಿಬೀಳುತ್ತೀರಿ. ಸೆಕ್ಷನ್ 48ರಲ್ಲಿ ಮಾರುವುದು, ಮಾರಲು ಇಡುವುದು ಎರಡೂ ಇವೆ. ಬಿಲ್ಲುಗಳನ್ನು ತೆರಿಗೆಗಾಗಿ ಇಟ್ಟಷ್ಟೇ ಜೋಪಾನವಾಗಿ ಇದಕ್ಕೂ ಇಡಿ.

ಅಚ್ಚಿನ ವಿಷಯ: ಆ ಗ್ರಿಪ್ಪಿಗೆ ಭಾರತದ ಪೇಟೆಂಟ್ ನಿಜವಾಗಿ ಇದ್ದರೆ ಅದರ ಸಂಖ್ಯೆಸಹಿತ ಹಾಕಿಸಿ. ಇಲ್ಲದ್ದನ್ನು ಇದೆ ಎಂದು ಹಾಕಿದರೆ ಸೆಕ್ಷನ್ 120ರಡಿ ದಂಡ 10 ಲಕ್ಷ ರೂ.ವರೆಗೆ ಹೋಗಬಹುದು, ಮುಂದುವರಿಸಿದರೆ ದಿನಕ್ಕೆ ಸಾವಿರ ಬೇರೆ. ಬಿದ್ದುಹೋದ ಪೇಟೆಂಟಿನ ಸಂಖ್ಯೆ ಇರುವ ಹಳೇ ಚೀಲಗಳ ಕಟ್ಟು ಇದ್ದರೆ ಆ ಸಾಲಿನ ಮೇಲೆ ಸ್ಟಿಕರ್ ಅಂಟಿಸಿಯೇ ಬಳಸಿ.